ಶಿರಹಟ್ಟಿಯಿಂದ ಬಂದದ್ದು

ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಒಂದಕ್ಕೆ ಎರಡು ಸಾವಿರದ ನೂರು ರೂಪಾಯಿ, ಅಂಥವು ಹನ್ನೊಂದು. ನನ್ನ ಸೊಸೆ ಕಾಂಚನಾಳ ಅಂಡಗಳನ್ನು ಹೊರತೆಗೆದು, ನನ್ನ ಮಗ ಸಿದ್ದಲಿಂಗೇಶನ ವೀರ್ಯದೊಂದಿಗೆ ಕೂಡಿಸಿ, ಐದು ದಿನ ಗಾಜಿನ ಬಟ್ಟಲಲ್ಲಿ ಬೆಳೆಸಿ, ಆಮೇಲೆ ಥಂಡಿಯಲ್ಲಿ ಇಟ್ಟದ್ದಕ್ಕೆ ಒಂದು ಲಕ್ಷದ ಎಪ್ಪತ್ತು ಸಾವಿರ. ಬಸಿರು ಹೊರುವವಳ ಹೆಸರಿನಲ್ಲಿ ಮೂರು ವರ್ಷದ ವಿಮೆ ಮಾಡಿಸಬೇಕೆಂದು ಕಾನೂನು ಇದೆ, ಅದಕ್ಕೆ ಇಪ್ಪತ್ತೆಂಟು ಸಾವಿರ. ವಕೀಲರಿಗೆ, ಕೋರ್ಟಿನ ಆದೇಶಕ್ಕೆ, ಮೆಡಿಕಲ್ ಬೋರ್ಡಿಗೆ ಕೊಟ್ಟ ಕಾಗದಪತ್ರಗಳಿಗೆ ಎಲ್ಲ ಸೇರಿ ಅರವತ್ತು ಸಾವಿರ. ಆಮೇಲೆ ನಾನು ಬಾಯಿ ಬಿಟ್ಟದ್ದರಿಂದ ಬಂದ ಪರೀಕ್ಷೆಗಳಿಗೆ ಎರಡು ಲಕ್ಷದ ಎಂಬತ್ತು ಸಾವಿರ. ಹುಬ್ಬಳ್ಳಿಗೆ ಹೋಗಿಬಂದದ್ದು ಮೂವತ್ತೊಂದು ಸಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಸಿದ್ದುವಿನ ಟಿಕೆಟ್ಟಿನದು ಮಾತ್ರ ಖರ್ಚು. ಹೊತ್ತವಳಿಗೆ ಒಂದು ಪೈಸೆ ಕೊಡಲಿಲ್ಲ. ಕೊಡಬಾರದೆಂದೂ ಕಾನೂನೇ ಇದೆ. ಕೊಟ್ಟಿದ್ದರೆ ಅವಳು ನನ್ನ ಮುಖಕ್ಕೆ ಎಸೆಯುತ್ತಿದ್ದಳು, ಏಕೆಂದರೆ ಅವಳು ನನ್ನ ಮಗಳು ಅಂಕಿತಾ.

ದುಡ್ಡು ಸಿದ್ದುವಿನದು. ಬೆಟಗೇರಿಯ ಹೊರಗೆ ಒಂದು ಜಾಗ ತೆಗೆದಿಟ್ಟಿದ್ದ, ಅದನ್ನು ಮಾರಿದ. ಗದಗಿನಲ್ಲಿ ಅವನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ನನ್ನದು ಬೆಟಗೇರಿಯ ಮನೆಯಲ್ಲೇ ರೊಟ್ಟಿಯ ಕೆಲಸ. ನಾಲ್ಕು ಜನ ಹೆಂಗಸರನ್ನು ಕೂಡಿಸಿಕೊಂಡು ಖಾನಾವಳಿಗಳಿಗೆ ದಿನಕ್ಕೆ ಆರು ನೂರು ರೊಟ್ಟಿ ಬಡಿದು ಕೊಡುತ್ತೇನೆ. ಯಜಮಾನರು ತೀರಿ ಒಂಬತ್ತು ವರ್ಷವಾಯಿತು. ಮನೆಯಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಎಂಬುದನ್ನು ಅಂದಿನಿಂದ ನಾನೇ ನಿರ್ಧರಿಸುತ್ತ ಬಂದಿದ್ದೇನೆ. ಕಾಂಚನಾಳನ್ನು ಸಿದ್ದುವಿಗೆ ತಂದದ್ದೂ ನಾನೇ. ಅವಳು ಬೇರೆ ಯಾರೂ ಅಲ್ಲ, ಶಿರಹಟ್ಟಿಯಲ್ಲಿರುವ ನನ್ನ ಅಣ್ಣ ಹುಚ್ಚೀರಪ್ಪನ ಹಿರಿಯ ಮಗಳು. ತವರುಮನೆಯ ಹುಡುಗಿ ಮನೆಗೆ ಬಂದರೆ ತವರು ಹತ್ತಿರವಾಗುತ್ತದೆ, ಮುಪ್ಪಿನಲ್ಲಿ ಒಂದು ಲೋಟ ನೀರು ಪ್ರೀತಿಯಿಂದ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅವಳು ನನ್ನನ್ನು ಅತ್ತಿ ಎನ್ನುತ್ತಿದ್ದದ್ದು ಮದುವೆಯಾದ ಮೇಲಲ್ಲ, ಮಾತು ಬಂದ ದಿನದಿಂದ. ನೀ, ತಾ ಎಂದೇ ಮಾತಾಡುತ್ತಿದ್ದಳು, ಜಗಳವನ್ನೂ ಹಾಗೆಯೇ ಆಡುತ್ತಿದ್ದಳು.

ಅವಳಿಗೆ ಮೊದಲನೆಯದು ಗಂಡು ಹುಟ್ಟಿತು. ಬೆಳ್ಳಗೆ, ಚುರುಕು ಕಣ್ಣಿನ ಕೂಸು. ಮೂರನೆಯ ತಿಂಗಳು ಕಳೆದರೂ ಕುತ್ತಿಗೆ ನಿಲ್ಲಲಿಲ್ಲ. ಕಾಲು ಎತ್ತುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಅಳು ಬೆಕ್ಕಿನ ಮರಿಯದಕ್ಕಿಂತ ಸಣ್ಣದು. ಕಣ್ಣು ಮಾತ್ರ ನಾವು ಹೋದ ಕಡೆಯೆಲ್ಲ ಬರುತ್ತಿತ್ತು. ಬೆಂಗಳೂರಿಗೆ ಒಯ್ದು ತೋರಿಸಿರಿ ಎಂದು ಗದಗಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಒಯ್ಯುವಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿ ಎಂಟನೆಯ ತಿಂಗಳಲ್ಲಿ ಹೋಯಿತು. ನ್ಯುಮೋನಿಯಾ ಎಂದು ಕಾಗದದಲ್ಲಿ ಬರೆದರು. ಎರಡನೆಯದು ಒಂಬತ್ತು ತುಂಬುವ ಮೊದಲೇ ರಕ್ತ ಹೋಗಿ ಹೊಟ್ಟೆಯಲ್ಲೇ ಹೋಯಿತು. ಕಾಂಚನಾ ಉಳಿಯಬೇಕಾದರೆ ಗರ್ಭಕೋಶ ತೆಗೆಯಬೇಕೆಂದರು, ತೆಗೆದರು. ಅವಳಿಗೆ ಆಗ ಇಪ್ಪತ್ತೇಳು.

ಆ ದಿನಗಳಲ್ಲಿ ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಹುಡುಗಿಯ ಹೊಟ್ಟೆಯಲ್ಲೇ ಏನೋ ದೋಷವಿತ್ತು, ಕೂಸನ್ನು ಹಿಡಿದು ಬೆಳೆಸುವ ಶಕ್ತಿ ಆ ಹೊಟ್ಟೆಗೆ ಇರಲಿಲ್ಲ. ಬೈದು ಹೇಳಲಿಲ್ಲ, ಮರುಕದಿಂದಲೇ ಹೇಳಿದೆ. ಕಾಂಚನಾಳ ಎದುರಿಗೂ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಆಮೇಲೆ ತಾನೂ ಹಾಗೇ ಹೇಳತೊಡಗಿದಳು.

ಅಂಕಿತಾಳನ್ನು ಮುಂಡರಗಿಗೆ ಕೊಟ್ಟಿದ್ದೇವೆ. ಅಳಿಯ ಸೋಮೇಶನದು ಬೀಜ-ಗೊಬ್ಬರದ ಅಂಗಡಿ, ಆರು ವರ್ಷದ ಒಬ್ಬ ಮಗನಿದ್ದಾನೆ. ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕೂಸನ್ನು ತಾನು ಹೊರುತ್ತೇನೆ ಎಂದು ಅವಳೇ ಬಂದು ಹೇಳಿದಳು, ಯಾರೂ ಕೇಳಿರಲಿಲ್ಲ. ಸೋಮೇಶ ಎರಡು ದಿನ ಉಣ್ಣದೆ ಅಂಗಡಿಯಲ್ಲೇ ಕುಳಿತು ಮೂರನೆಯ ದಿನ ಒಪ್ಪಿದ. ನನಗೆ ಒಂದು ಭಾರ ಇಳಿದಂತಾಯಿತು. ದೋಷದ ಹೊಟ್ಟೆ ಹೋಯಿತು, ಗಟ್ಟಿ ಹೊಟ್ಟೆ ಸಿಕ್ಕಿತು, ಇನ್ನು ಕೂಸು ಗಟ್ಟಿಯಾಗಿ ಹುಟ್ಟುತ್ತದೆ. ಹೀಗೆ ನಾನೊಬ್ಬಳೇ ಅಲ್ಲ, ಶಿರಹಟ್ಟಿಯ ಅಣ್ಣ, ಮುಂಡರಗಿಯ ಬೀಗರು ಎಲ್ಲರೂ ಅಂದುಕೊಂಡಿದ್ದೆವು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಂಥದ್ದನ್ನೆಲ್ಲ ತಿಳಿಸಿ ಹೇಳುವುದಕ್ಕೆಂದೇ ಒಬ್ಬ ಹುಡುಗಿ ಇದ್ದಾಳೆ, ಫರ್ಹಾನಾ. ಲಕ್ಷ್ಮೇಶ್ವರದವಳು, ನಮ್ಮ ಮಾತೇ ಮಾತಾಡುತ್ತಾಳೆ. ಮೊದಲ ದಿನ ನಮ್ಮನ್ನು ಕೂಡಿಸಿಕೊಂಡು ಒಂದು ಫಾರ್ಮು ತುಂಬಿದಳು. ಗಂಡ-ಹೆಂಡತಿ ರಕ್ತಸಂಬಂಧದವರೇ ಎಂದು ಕೇಳಿದಾಗ ಸಿದ್ದು ಅಲ್ಲ ಎಂದ. ನಾನೂ ಅಲ್ಲ ಎಂದೆ. ನಮ್ಮ ಮಟ್ಟಿಗೆ ಅದು ಸುಳ್ಳಲ್ಲ. ರಕ್ತ ಎಂದರೆ ಗಂಡಿನ ಅಪ್ಪ, ಅಜ್ಜ, ಅಣ್ಣತಮ್ಮಂದಿರ ಮನೆಗಳು. ಅಲ್ಲಿಂದ ನಾವು ಹೆಣ್ಣು ತರುವುದಿಲ್ಲ. ಸೋದರಮಾವನ ಮಗಳು ಬೇರೆ ಬೆಡಗಿನವಳು, ಬೇರೆ ವಂಶದವಳು, ಬೀಗರ ಹುಡುಗಿ. ಹೆಣ್ಣುಮಗಳು ತಲೆಯ ಮೇಲೆ ಅಕ್ಕಿಕಾಳು ಬಿದ್ದ ಮದುವೆಯ ದಿನ ಗಂಡನ ಮನೆಯವಳಾಗುತ್ತಾಳೆ, ತವರಿನದು ತವರಿನಲ್ಲೇ ಉಳಿಯುತ್ತದೆ. ನನ್ನ ಜೊತೆ ಶಿರಹಟ್ಟಿಯ ರಕ್ತ ಬೆಟಗೇರಿಗೆ ಬಂದಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಎರಡನೆಯ ಪ್ರಶ್ನೆಗೆ ಮಾತ್ರ ನಾನು ಹೇಳಿದ್ದು ಸುಳ್ಳು, ತಿಳಿದೇ ಹೇಳಿದ ಸುಳ್ಳು. ಎರಡೂ ಮನೆಗಳಲ್ಲಿ ಸಣ್ಣವಯಸ್ಸಿಗೆ ಶಕ್ತಿ ಇಲ್ಲದೆ ತೀರಿಕೊಂಡ ಕೂಸುಗಳು ಇದ್ದವೇ ಎಂದು ಫರ್ಹಾನಾ ಕೇಳಿದಳು. ಸಿದ್ದು ನ್ಯುಮೋನಿಯಾದ ಮಾತು ಹೇಳಿದ. ಅವಳು ಅದನ್ನು ಬರೆದುಕೊಂಡು, ಹಿರಿಯಳೆಂದು ನನ್ನ ಕಡೆ ನೋಡಿದಳು.

“ಇಲ್ರಿ, ಅಂಥಾದ್ದೇನಿಲ್ಲ” ಎಂದೆ.

ಅಂಥದ್ದು ಇತ್ತು. ನನಗೆ ಒಂಬತ್ತು ವರ್ಷ, ಅಣ್ಣನಿಗೆ ಹನ್ನೆರಡು, ಆಗ ನಮಗೊಬ್ಬ ತಮ್ಮ ಹುಟ್ಟಿದ್ದ. ಅವ್ವ ಹೊಲಕ್ಕೆ ಹೋದಾಗ ಅವನನ್ನು ಎತ್ತಿಕೊಳ್ಳುವುದು ನನ್ನ ಪಾಲಿನ ಕೆಲಸ. ಒಂದು ಕೈ ಸದಾ ಅವನ ಕುತ್ತಿಗೆಯ ಹಿಂದೆ ಇಟ್ಟಿರಬೇಕಿತ್ತು, ಇಲ್ಲದಿದ್ದರೆ ತಲೆ ಹಿಂದಕ್ಕೆ ಬೀಳುತ್ತಿತ್ತು. ಅವನೂ ಕಣ್ಣಿನಿಂದಲೇ ಆಡುತ್ತಿದ್ದ. ಹತ್ತು ತಿಂಗಳಿಗೆ ಹೋದ. ಅಂಥ ಕೂಸು ಹುಟ್ಟಿದ ಮನೆಗೆ ಹೆಣ್ಣು ಕೊಡುವುದಿಲ್ಲ, ಆ ಮನೆಯ ಹೆಣ್ಣು ತರುವುದೂ ಇಲ್ಲ. ಅದಕ್ಕೆ ಹಿರಿಯರು ಅವನ ಹೆಸರನ್ನೇ ಮನೆಯಲ್ಲಿ ನಿಲ್ಲಿಸಿಬಿಟ್ಟರು. ನಿಲ್ಲಿಸಿದ್ದರಿಂದಲೇ ಅಣ್ಣನ ಮದುವೆಯಾಯಿತು, ನನ್ನ ಮದುವೆಯಾಯಿತು. ಐವತ್ತು ವರ್ಷ ಬಾಯಿ ಮುಚ್ಚಿಕೊಂಡು ಬಂದದ್ದು ಒಂದು ಚಾಳಿಯಾಗಿತ್ತು. ಹುಬ್ಬಳ್ಳಿಯ ಆ ಕುರ್ಚಿಯಲ್ಲಿ ಚಾಳಿಯೇ ಮಾತಾಡಿತು.

ಕಾಂಚನಾಳ ಅಂಡ ತೆಗೆದರು. ಐದು ಭ್ರೂಣಗಳಾದವು, ಐದನ್ನೂ ಥಂಡಿಯಲ್ಲಿ ಇಟ್ಟರು. ಅಂಕಿತಾಳಿಗೆ ಗುಳಿಗೆ ಶುರುವಾದವು. ಹನ್ನೆರಡು ದಿನದಲ್ಲಿ ಒಂದನ್ನು ಅವಳ ಹೊಟ್ಟೆಯಲ್ಲಿ ಇಡುವುದೆಂದು ಗೊತ್ತಾಯಿತು. ಅಂದು ಹುಬ್ಬಳ್ಳಿಯಿಂದ ಬಂದ ಅಂಕಿತಾ ನಾವು ರೊಟ್ಟಿ ಬಡಿಯುವಲ್ಲೇ ಕುಳಿತು, ಬಿಸಿ ರೊಟ್ಟಿ ಮುರಿಯುತ್ತ ಫರ್ಹಾನಾ ಹೇಳಿದ್ದನ್ನೆಲ್ಲ ಆ ಹೆಂಗಸರಿಗೂ ಕೇಳುವಂತೆ ಹೇಳಿದಳು.

“ಕೂಸಿನ್ಯಾಗ ನಂದೇನೂ ಇರೂದಿಲ್ಲಂತವ್ವ. ಬಣ್ಣ ನಂದಲ್ಲ, ಮೂಗು ನಂದಲ್ಲ, ಸಿಟ್ಟು ಸೈತ ನಂದಲ್ಲಂತ. ಎಲ್ಲಾ ಅಣ್ಣಂದು, ವೈನೀದು. ಜಡ್ಡು ಬಂದ್ರೂ ಅವ್ರಿಬ್ರಿಂದನ ಬರಬೇಕಂತ. ನಾ ಬರೇ ಊಟ ಹಾಕೂದು.”

ಹೆಂಗಸರು ನಕ್ಕರು. ನಾನು ಬಡಿಯುತ್ತಿದ್ದ ರೊಟ್ಟಿ ಕಲ್ಲಿನ ಮೇಲೆಯೇ ಹರಿಯಿತು. ಜಡ್ಡು-ರೋಗ ಹೊಟ್ಟೆಯಿಂದ ಬರುವುದಲ್ಲ ಎಂದರೆ, ಕಾಂಚನಾಳ ಹೊಟ್ಟೆ ಏನು ತಪ್ಪು ಮಾಡಿತ್ತು? ಅವರಿಬ್ಬರಿಂದಲೇ ಬರುವುದಾದರೆ, ಅವರಿಬ್ಬರಿಗೆ ಎಲ್ಲಿಂದ ಬಂತು? ಕಾಂಚನಾಳಿಗೆ ಶಿರಹಟ್ಟಿಯಿಂದ ಬಂತೆನ್ನೋಣ. ಸಿದ್ದುವಿಗೆ? ಸಿದ್ದು ಬೆಟಗೇರಿಯವನು. ಅವನಿಗೆ ಶಿರಹಟ್ಟಿಯದು ಬರಬೇಕಾದರೆ ಇರುವುದು ಒಂದೇ ದಾರಿ. ನಾನು ಹಂಚಿನ ಮುಂದಿನಿಂದ ಎದ್ದು ಹಿತ್ತಲಿಗೆ ಹೋಗಿ ನಿಂತೆ. ಎಷ್ಟು ಸಲ ತಿರುವಿ ಹಾಕಿದರೂ ಲೆಕ್ಕ ನನ್ನ ಕಾಲಬುಡಕ್ಕೇ ಬಂದು ನಿಲ್ಲುತ್ತಿತ್ತು, ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಒಂಬತ್ತು ತಿಂಗಳು ರಕ್ತ ಕುಡಿಸುವವಳದು ಏನೂ ಇಲ್ಲವಂತೆ; ಮದುವೆಯಾಗಿ ತವರು ಬಿಟ್ಟ ಅಜ್ಜಿಯದು ಇದೆಯಂತೆ. ಇದು ಯಾವ ನ್ಯಾಯ?

ಮೊದಲು ನಾನು ನೇರ ದಾರಿ ಹಿಡಿಯಲಿಲ್ಲ. ಭ್ರೂಣ ಇಡುವ ದಿನಕ್ಕೇ ಅಮಾವಾಸ್ಯೆ ಬರುತ್ತದೆ, ದಿನ ಸರಿಯಿಲ್ಲ, ಎರಡು ತಿಂಗಳು ಮುಂದೆ ಹಾಕಿರಿ ಎಂದು ಆಸ್ಪತ್ರೆಗೆ ಫೋನು ಹಚ್ಚಿಸಿದೆ. ಗುಳಿಗೆ ಶುರುವಾಗಿವೆ, ಹೆಚ್ಚೆಂದರೆ ಒಂದು ದಿನ ಆಚೀಚೆ ಆದೀತು ಎಂದರು. ಮರುದಿನ ಮುಂಜಾನೆ ಶಿರಹಟ್ಟಿಯ ಬಸ್ಸು ಹತ್ತಿದೆ. ಆ ತಮ್ಮನ ಮಾತು ನನ್ನೊಬ್ಬಳದಲ್ಲ, ಅಣ್ಣನದೂ ಹೌದು. ಅವನನ್ನು ಕೇಳದೆ ಹೇಳುವಂತಿರಲಿಲ್ಲ.

ಅಣ್ಣ ಪಡಸಾಲೆಯಲ್ಲಿ ಶೇಂಗಾ ಆರಿಸುತ್ತ ಕುಳಿತಿದ್ದ. ಅತ್ತಿಗೆ ಚಹಾ ಕೊಟ್ಟು ಒಳಗೆ ಹೋಗುವವರೆಗೆ ನಾನು ಬಾಯಿ ತೆಗೆಯಲಿಲ್ಲ. ಹೇಳಿ ಮುಗಿಸಿದಾಗ ಅವನು ಬಹಳ ಹೊತ್ತು ಕೈಯಲ್ಲಿದ್ದ ಒಂದೇ ಕಾಯಿಯನ್ನು ಒಡೆಯದೆ ತಿರುಗಿಸುತ್ತಿದ್ದ.

“ಐವತ್ತು ವರ್ಷದ ಹಿಂದ ಮಣ್ಣಾಗಿದ್ದನ್ನ ಈಗ್ಯಾಕ ಕೆದರ್ತಿ, ರೇಣವ್ವ?”

“ಮಣ್ಣಾಗಿಲ್ಲಣ್ಣ. ನಿನ್ನ ಮೊಮ್ಮಗನ ಕುತ್ತಿಗಿನೂ ಹಂಗ ಇತ್ತು. ನೀನೂ ಎತ್ಕೊಂಡಿದ್ದಿ.”

“ಅದು ಆ ಹೊಟ್ಟಿ ದೋಷ. ನೀನ ಹೇಳಿದ್ದಿ. ಈಗ ಅಂಕಿತಾನ ಹೊಟ್ಟಿ ಐತಲ್ಲ.”

“ಹೊಟ್ಟೀದೇನೂ ಇಲ್ಲಂತ. ಎಲ್ಲಾ ಬೀಜದ್ದಂತ.”

“ಹಂಗಾರ ತಾಯಿ ಅನ್ನಾಕೀದು ಏನಿರ್ತೈತಿ?”

ಅವನು ಬೇರೆ ಮಾತಿಗೆ ಬಂದ. ಕಿರಿಯ ಮಗಳು ಮಮತಾಳದು ಹೊಂಬಳದಲ್ಲಿ ಮಾತು ಮುಗಿದಿದೆ, ಮುಂದಿನ ತಿಂಗಳು ನಿಶ್ಚಯ, ನಾಲ್ಕು ತಿಂಗಳಿಗೆ ಮದುವೆ. ನಾನು ಹುಬ್ಬಳ್ಳಿಯಲ್ಲಿ ಬಾಯಿ ಬಿಟ್ಟರೆ ಅದು ಹೊಂಬಳಕ್ಕೆ ಮುಟ್ಟದೆ ಇರುತ್ತದೆಯೇ? ಡಾಕ್ಟರರು ಹೊಂಬಳಕ್ಕೆ ಹೋಗಿ ಡಂಗುರ ಹೊಡೆಯುತ್ತಾರೇನು ಎಂದು ನಾನು ಕೇಳಿದೆ.

“ಡಾಕ್ಟರ್ ಹೊಡಿಯೂದಿಲ್ಲ. ನಿನ್ನ ಕೂಡ ರೊಟ್ಟಿ ಬಡಿಯಾಕ ಬರ್ತಾರಲ್ಲ ನಾಕ ಮಂದಿ, ಅವ್ರು ಹೊಡೀತಾರ” ಎಂದ. ಆಮೇಲೆ ದನಿ ಇಳಿಸಿ ಹೇಳಿದ: “ಮಮತಾನ ಅಕ್ಕಿಕಾಳು ಬೀಳೂತನಕ ಸುಮ್ನಿರು. ನಿನ್ನ ಕಾಲಿಗಿ ಬೀಳ್ತೀನಿ ತಂಗಿ. ಆಮ್ಯಾಲ ಬೇಕಾದ್ದು ಹೇಳು.”

ಅವನು ಕೆಟ್ಟವನಲ್ಲ. ನಾನು ಐವತ್ತು ವರ್ಷ ಮಾಡಿದ್ದನ್ನೇ ಇನ್ನು ನಾಲ್ಕು ತಿಂಗಳು ಮಾಡು ಎಂದು ಕೇಳಿದ, ಅಷ್ಟೆ. ನಾಲ್ಕು ತಿಂಗಳು ನನ್ನ ಹತ್ತಿರ ಇರಲಿಲ್ಲ. ಹನ್ನೊಂದು ದಿನ ಇದ್ದವು. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬರುವಾಗ ಒಮ್ಮೆ ಮಮತಾಳ ಮುಖ ಕಾಣುತ್ತಿತ್ತು, ಒಮ್ಮೆ ಅಂಕಿತಾ ಒಂಬತ್ತು ತಿಂಗಳು ಹೊತ್ತು ಹಡೆದ ಕೂಸಿನ ತಲೆ ಹಿಂದಕ್ಕೆ ಬೀಳುವುದು ಕಾಣುತ್ತಿತ್ತು. ಬೆಟಗೇರಿ ಬರುವವರೆಗೂ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಮನೆಗೆ ಬಂದಾಗ ಕಾಂಚನಾ ಒಬ್ಬಳೇ ಮಾಳಿಗೆಯ ಮೇಲೆ ಒಣಗಿದ ಸೀರೆಗಳನ್ನು ತೆಗೆಯುತ್ತಿದ್ದಳು. ನಾನು ಸೀರೆಯ ಇನ್ನೊಂದು ಚುಂಗು ಹಿಡಿದೆ. ಇಬ್ಬರೂ ಮಡಿಸುತ್ತ ಇರುವಾಗಲೇ ಹೇಳಿಬಿಟ್ಟೆ: ನಿನಗೊಬ್ಬ ಕಾಕಾ ಇದ್ದ, ಅವನ ಕುತ್ತಿಗೆ ನಿಂತಿರಲಿಲ್ಲ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಅಂಚಿಗೆ ಅಂಚು ಕೂಡಿಸಿ ನನ್ನ ಕೈಯಿಂದ ಚುಂಗು ತೆಗೆದುಕೊಂಡಳು.

“ನನ್ನ ಕೂಸಿನ ಕುತ್ತಿಗಿ ನೋಡಿದಾಗ ನಿಮಗ ಅವನ ನೆನಪಾಗಿತ್ತೇನ್ರಿ?”

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಆಗಿತ್ತು.”

“ನೆನಪಿದ್ದೂ ನನ್ನ ಹೊಟ್ಟಿಗಿ ಅಂದ್ರಿ.”

ನನಗೆ ಖರೇ ತಿಳಿದಿರಲಿಲ್ಲ, ಎರಡಕ್ಕೂ ಸಂಬಂಧವಿದೆ ಎಂದು ಗೊತ್ತಿರಲಿಲ್ಲ ಎಂದು ಹೇಳಿದೆ. ಅದು ಅರ್ಧ ನಿಜ. ಸಂಬಂಧ ತಿಳಿದಿರಲಿಲ್ಲ, ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ನಾನು ಒಪ್ಪಿರಲಿಲ್ಲ. ಅವಳು ಸೀರೆಗಳನ್ನು ಹೊತ್ತು ಕೆಳಗೆ ಇಳಿದಳು. ಅಂದು ಹೇಳಿದ ‘ನೀವು’ ಇಂದಿಗೂ ‘ನೀ’ ಆಗಿಲ್ಲ. ಸಂಜೆ ಸಿದ್ದು ಬಂದಾಗ ಅವಳೇ ಅವನಿಗೆ ಹೇಳಿದಳು. ಅವನು ಒಳಗೆ ಬಂದು ನನ್ನ ಮುಂದೆ ನಿಂತು, “ಈಗರೆ ಹೇಳಿದ್ಯಲ್ಲವ್ವ” ಎಂದಷ್ಟೇ ಅಂದು ಹೊರಗೆ ಹೋದ.

ಹುಬ್ಬಳ್ಳಿಯಲ್ಲಿ ಫರ್ಹಾನಾ ಬೈಯಲಿಲ್ಲ. ಫಾರ್ಮಿನ ಎರಡು ಸಾಲು ಹೊಡೆದು ಹಾಕಿ ಹೊಸದಾಗಿ ಬರೆದಳು. ಸೋದರಮಾವನ ಮಗಳೂ ಒಂದೇ ರಕ್ತ, ಹೆಣ್ಣು ಹೋದಲ್ಲೆಲ್ಲ ತವರಿನದನ್ನು ಅರ್ಧ ಒಯ್ಯುತ್ತಾಳೆ ಎಂದು ಮೊದಲು ತಿಳಿಸಿದಳು. ನನಗೆ ತಲೆಗೆ ಹೋಗಲಿಲ್ಲ. ಅವಳು ಒಂದು ಗಳಿಗೆ ಯೋಚಿಸಿ ಹೇಳಿದಳು:

“ಅಮ್ಮಾರ, ಬಂಡಿಗಿ ಎರಡು ಎತ್ತು ಇರ್ತಾವಲ್ರಿ, ಹಂಗ ತಿಳ್ಕೋರಿ. ಒಂದು ಅಪ್ಪಂದು, ಒಂದು ಅವ್ವಂದು. ಒಂದು ಕುಂಟಿದ್ರ ಇನ್ನೊಂದು ಜಗ್ಗತೈತಿ, ಬಂಡಿ ಹೋಕ್ಕೈತಿ. ನಿಮ್ಮದು ಹೋಗೇತಿ, ನಿಮ್ಮ ಅಣ್ಣಾರದು ಹೋಗೇತಿ. ಎರಡೂ ಕುಂಟು ಬಂದ ಕೂಸಿನ ಬಂಡಿ ಅಲ್ಲೇ ನಿಂದರ್ತೈತಿ.”

ಆಗ ತಿಳಿಯಿತು, ಅರ್ಧ. ಅಂಕಿತಾಳ ರಕ್ತದಲ್ಲೂ ಆ ಕುಂಟು ಎತ್ತು ಇರಬಹುದು, ಅವಳೂ ನನ್ನ ಮಗಳೇ ಅಲ್ಲವೇ ಎಂದು ಕೇಳಿದೆ. ಇರಬಹುದು, ಆದರೆ ಈ ಕೂಸಿಗೆ ಅವಳಿಂದ ಎತ್ತು ಬರುವುದಿಲ್ಲ ಎಂದಳು. ಮತ್ತೆ ಗೊಂದಲವಾಯಿತು. ಬಸಿರು ಹೊರುವ ಮಗಳಿಂದ ಬರುವುದಿಲ್ಲ, ದೂರ ಕುಳಿತ ನನ್ನಿಂದ ಬರುತ್ತದೆ. ಇನ್ನೊಂದು ದಾರಿಯೂ ಇದೆ, ಬೋರ್ಡು ಒಪ್ಪಿದರೆ ಬೇರೆ ಹೆಂಗಸಿನ ಅಂಡ ತೆಗೆದುಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಕಾಂಚನಾ ತಲೆ ಅಲ್ಲಾಡಿಸಿದಳು. ಹೊಟ್ಟೆಯೂ ತನ್ನದಲ್ಲ, ಅಂಡವೂ ತನ್ನದಲ್ಲ ಎಂದರೆ ಕೂಸಿನ ಮುಂದೆ ತಾನು ಯಾರೆಂದು ನಿಲ್ಲಲಿ ಎಂದು ಕೇಳಿದಳು. ಮೊದಲು ಇರುವುದನ್ನು ಪರೀಕ್ಷೆ ಮಾಡಿರಿ ಎಂದಳು. ಭ್ರೂಣ ಇಡುವ ದಿನ ಮುಂದೆ ಹೋಯಿತು.

ರಕ್ತದ ಪರೀಕ್ಷೆಯಲ್ಲಿ ಸಿದ್ದು, ಕಾಂಚನಾ ಇಬ್ಬರಲ್ಲೂ ಒಂದೊಂದು ಕುಂಟು ಬಂತು. ಥಂಡಿಯಲ್ಲಿದ್ದ ಐದು ಭ್ರೂಣಗಳನ್ನು ಹೊರತೆಗೆದಾಗ ಒಂದು ಉಳಿಯಲಿಲ್ಲ. ಉಳಿದ ನಾಲ್ಕರಿಂದ ಚೂರು ಚೂರು ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಉತ್ತರ ಬರಲು ಎರಡೂವರೆ ತಿಂಗಳು ಹಿಡಿಯಿತು. ಎರಡರಲ್ಲಿ ಎರಡೂ ಎತ್ತು ಕುಂಟು. ಒಂದರಲ್ಲಿ ಒಂದು ಕುಂಟು. ಒಂದು ಪೂರ್ತಿ ಸ್ವಚ್ಛ. ನಾಲ್ಕರಲ್ಲಿ ಎರಡು. ಕಣ್ಣು ಮುಚ್ಚಿ ಒಂದನ್ನು ಎತ್ತಿ ಅಂಕಿತಾಳ ಹೊಟ್ಟೆಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಯಾರನ್ನೂ ಕೇಳಲಿಲ್ಲ.

ಸ್ವಚ್ಛವಾದದ್ದನ್ನು ಮೊದಲು ಇಟ್ಟರು. ನಿಲ್ಲಲಿಲ್ಲ. ಇನ್ನು ಉಳಿದದ್ದು ಒಂದೇ, ನನ್ನ ಹಾಗೆ ಒಂದು ಕುಂಟೆತ್ತಿನದು. ಅದನ್ನು ಇಡುವ ದಿನ ಕಾಂಚನಾ ಮುಂಜಾನೆಯಿಂದ ನೀರೂ ಕುಡಿದಿರಲಿಲ್ಲ. ಹದಿನಾಲ್ಕನೆಯ ದಿನ ಹುಬ್ಬಳ್ಳಿಯಿಂದ ಫೋನು ಬಂತು, ನಿಂತಿದೆ ಎಂದು.

ಅಷ್ಟರಲ್ಲಿ ಶಿರಹಟ್ಟಿಯಲ್ಲಿ ಆಗಬೇಕಾದದ್ದು ಆಗಿತ್ತು. ನನ್ನ ರೊಟ್ಟಿಯ ಹೆಂಗಸರು ಏನೂ ಹೇಳಲಿಲ್ಲ. ಕಾಂಚನಾ ತಂಗಿಗೆ ಫೋನು ಮಾಡಿ ನೀನೂ ಪರೀಕ್ಷೆ ಮಾಡಿಸಿಕೊ ಎಂದಳು; ಮಮತಾ ಮಾಡಿಸಿಕೊಂಡಳು, ಅವಳಲ್ಲೂ ಒಂದು ಬಂತು. ಅವಳು ಅದನ್ನು ಮುಚ್ಚಿಡದೆ ಹೊಂಬಳದ ಹುಡುಗನಿಗೇ ಹೇಳಿದಳು. ನೀನೂ ಒಮ್ಮೆ ರಕ್ತ ಕೊಟ್ಟು ನೋಡು, ನಿನ್ನಲ್ಲಿ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದಳಂತೆ. ಅವರ ಮನೆಯವರು ರಕ್ತ ಕೊಡಲಿಲ್ಲ, ಈ ವರ್ಷ ಮದುವೆ ಬೇಡವೆಂದು ಹೇಳಿ ಕಳಿಸಿದರು. ಅಣ್ಣ ನನಗೆ ಒಂದೇ ಸಲ ಫೋನು ಮಾಡಿದ. ಬೈಯಲಿಲ್ಲ. ನಿನ್ನ ಮನೆ ತುಂಬಿಸಿಕೊಳ್ಳುವುದಕ್ಕೆ ನನ್ನ ಮನೆ ಖಾಲಿ ಮಾಡಿದೆ ಎಂದು ಹೇಳಿ ಇಟ್ಟ.

ಏಳನೆಯ ತಿಂಗಳಿಗೆ ಕುಬಸದ ಕಾರ್ಯ ಮಾಡಬೇಕಾಯಿತು. ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ, ಬುತ್ತಿ ತಂದು ಉಡಿ ತುಂಬುವುದು ನಮ್ಮ ಪದ್ಧತಿ. ಆದರೆ ಬಸುರಿ ಯಾರು? ಹೊಟ್ಟೆ ಅಂಕಿತಾಳದು, ಅವಳ ತವರು ನಮ್ಮ ಮನೆ. ಕೂಸು ಕಾಂಚನಾಳದು, ಅವಳ ತವರು ಶಿರಹಟ್ಟಿ. ಅಂಕಿತಾಳ ಅತ್ತೆ ಮುಂಡರಗಿಯಿಂದ ಬಂದವರು, ಮಣೆಯ ಮೇಲೆ ಯಾರನ್ನು ಕೂಡಿಸುತ್ತೀರಿ ಎಂದು ಕೆಮ್ಮಿ ಕೇಳಿದರು. ಇಷ್ಟಾದ ಮೇಲೂ ಅವರಿಗೆ ಇನ್ನೊಂದು ಅನುಮಾನ: ತಮ್ಮ ಮೊಮ್ಮಗನಿಗೆ ಈ ಕೂಸು ಹೆಣ್ಣಾದರೆ ಮಾವನ ಮಗಳೋ, ಒಡಹುಟ್ಟಿದವಳೋ? ಒಂದೇ ಹೊಟ್ಟೆಯಲ್ಲಿ ಬಂದವು ಅಣ್ಣತಂಗಿಯಲ್ಲವೇ ಎಂದು ಒಬ್ಬರೆಂದರು, ರಕ್ತ ಬೇರೆಯಾದರೆ ಹೇಗೆ ಎಂದು ಇನ್ನೊಬ್ಬರೆಂದರು. ಎದುರು ಮನೆಯ ನೇಕಾರ ಫಕ್ಕೀರಪ್ಪ ಬಾಗಿಲಲ್ಲಿ ನಿಂತು ನ್ಯಾಯ ಹೇಳಿದ: ಸಾವ್ಕಾರ ನೂಲು ಕೊಡುತ್ತಾನೆ, ನಾನು ನನ್ನ ಮಗ್ಗದ ಮೇಲೆ ನೇಯುತ್ತೇನೆ, ಸೀರೆ ಸಾವ್ಕಾರನದು, ಇದರಲ್ಲಿ ಗೊಂದಲವೇನು?

“ನಿನ್ನ ನೂಲು ಒದೀತೈತೇನ್ ಕಾಕಾ?” ಎಂದಳು ಅಂಕಿತಾ.

ಫಕ್ಕೀರಪ್ಪ ಮನೆಗೆ ಹೋದ.

ಕೊನೆಗೆ ಎರಡು ಮಣೆ ಹಾಕಿಸಿದೆ. ಅಂಕಿತಾಳಿಗೆ ತಾಯಿಯಾಗಿ ಸೀರೆ ಕೊಟ್ಟೆ. ಕಾಂಚನಾಳ ಮಣೆಯ ಮುಂದೆ ಯಾರೂ ಇರಲಿಲ್ಲ, ಶಿರಹಟ್ಟಿಯಿಂದ ಯಾರೂ ಬಂದಿರಲಿಲ್ಲ. ನಾನು ಇನ್ನೊಂದು ಹಸಿರು ಸೀರೆ ತಂದು ಇಟ್ಟಿದ್ದೆ. ಅದನ್ನು ಅವಳ ಉಡಿಗೆ ಹಾಕುವಾಗ, ಇದು ಯಾರ ಕಡೆಯಿಂದ ಎಂದು ಅವಳು ಮೆಲ್ಲಗೆ ಕೇಳಿದಳು. ಶಿರಹಟ್ಟಿ ಕಡೆಯಿಂದ ಎಂದೆ. ನಾನೂ ಆ ಮನೆಯ ಮಗಳೇ. ಅಲ್ಲಿಯದನ್ನು ಅರ್ಧ ತಂದವಳು ಎಂದು ಈಗ ಕಾಗದದಲ್ಲೇ ಇದೆ. ಅವಳು ಸೀರೆ ತೆಗೆದುಕೊಂಡಳು. ಸಂತೋಷದಿಂದಲೋ, ಬಂದವರ ಮುಂದೆ ಬೇಡವೆನ್ನಲಾಗದೆಯೋ, ನನಗೆ ಗೊತ್ತಾಗಲಿಲ್ಲ.

ಹೆಣ್ಣು ಹುಟ್ಟಿತು, ಎರಡು ಕಿಲೋ ಏಳು ನೂರು ಗ್ರಾಂ. ತಾಯಿಯ ಹೆಸರೇನು ಎಂದು ನರ್ಸು ಕೇಳಿದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಸಿದ್ದು ಕೋರ್ಟಿನ ಕಾಗದ ತೆಗೆದು ತೋರಿಸಿದ. ಕಾಂಚನಾ ಎಂದು ಬರೆದರು. ಎರಡನೆಯ ದಿನ ಕೂಸು ಪಕ್ಕದ ಕೋಣೆಯಲ್ಲಿ ಅತ್ತಾಗ ಅಂಕಿತಾಳ ಕುಬಸ ಹಾಲಿನಿಂದ ತೊಯ್ದಿತು. ಕೂಸಿನಲ್ಲಿ ನಿನ್ನದೇನೂ ಇಲ್ಲ ಎಂದು ಅಷ್ಟು ಸಲ ತಿಳಿಸಿ ಹೇಳಿದ್ದರು. ಅವಳ ಮೈಗೆ ಯಾರೂ ಹೇಳಿರಲಿಲ್ಲ. ಹಾಲು ನಿಲ್ಲುವ ಗುಳಿಗೆ ತಂದ ನರ್ಸಿಗೆ, ಮೂರು ದಿನ ಬಿಟ್ಟು ಕೊಡ್ರಿ ಎಂದವಳು ಕಾಂಚನಾ. ಅವಳೇ ಕೂಸನ್ನು ಎತ್ತಿಕೊಂಡು ಹೋಗಿ ಅಂಕಿತಾಳ ಮಡಿಲಲ್ಲಿ ಇಟ್ಟಳು, ಬಾಗಿಲು ಎಳೆದುಕೊಂಡು ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಒಳಗಿರುವವಳು ತಾಯಿಯೋ, ಹೊರಗೆ ಕುಳಿತವಳು ತಾಯಿಯೋ ಎಂದು ನನ್ನನ್ನು ಆಗ ಯಾರಾದರೂ ಕೇಳಿದ್ದರೆ, ಕಾಗದ ನೋಡದೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಇಂದಿಗೂ ಆಗುವುದಿಲ್ಲ.

ಅಂಕಿತಾ ಹತ್ತನೆಯ ದಿನ ಮುಂಡರಗಿಗೆ ಹೋದಳು. ಮೊದಲ ತಿಂಗಳು ಬರಲಿಲ್ಲ, ಫೋನಿನಲ್ಲಿ ಕೂಸನ್ನು ತೋರಿಸಬೇಡಿರಿ ಎಂದಳು. ಈಗ ಬರುತ್ತಾಳೆ, ಕೂಸಿನ ಸೋದರತ್ತೆಯಾಗಿ ಬೈದು ಎತ್ತಿ ಆಡಿಸುತ್ತಾಳೆ. ಮೂರು ತಿಂಗಳು ತುಂಬಿದ ಮೇಲೆ ಒಂದು ಮಧ್ಯಾಹ್ನ ಕಾಂಚನಾ ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡಿದ್ದಳು. ಅದು ಕುತ್ತಿಗೆ ಎತ್ತಿ ನನ್ನ ಕಡೆ ತಿರುಗಿ ನೋಡಿತು. ಕಾಂಚನಾಳೂ ನೋಡಿದಳು. ಆಮೇಲೆ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆ, ಇಳಿಸಿರಿ ಎಂದಳು.

ಕೂಸು ಗಟ್ಟಿಯಾಗಿದೆ. ಅದರಲ್ಲಿ ಶಿರಹಟ್ಟಿಯದು ಒಂದು ಇದೆ. ಅವಳು ದೊಡ್ಡವಳಾದಾಗ ಹೇಳಬೇಕೆಂದು ಸಿದ್ದು ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕಬ್ಬಿಣದ ಟ್ರೆಜರಿ ಕಪಾಟಿನಲ್ಲಿ ಇಟ್ಟಿದ್ದಾನೆ. ಇನ್ನು ಮುಂದೆ ನಮ್ಮ ಮನೆಗೆ ತವರಿನಿಂದ ಹೆಣ್ಣು ತರುವುದಿಲ್ಲ, ಅಂಕಿತಾಳ ಮಗನಿಗೆ ಈ ಹುಡುಗಿಯನ್ನು ಕೊಡುವ ಮಾತೂ ಇಲ್ಲ. ಮಮತಾ ಲಕ್ಷ್ಮೇಶ್ವರದಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದ್ದಾಳೆ, ಮದುವೆ ಆಗಿಲ್ಲ. ನನಗೆ ಮೊಮ್ಮಗಳು ಸಿಕ್ಕಳು, ತವರು ಹೋಯಿತು. ಈ ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಶಿರಹಟ್ಟಿಯಿಂದ ಯಾರೂ ಬರಲಿಲ್ಲ.